ಕಥೆ ಬೇಡ, ನಂಬರ್ ಹೇಳಿ

ಫೆಬ್ರವರಿ 6, 2017, ಸೋಮವಾರ

ಇವತ್ತು ತೊಂಬತ್ತನಾಲ್ಕು ಜನ! ಕೊಪ್ಪಳದ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಆರು ಆನ್‌ಲೈನ್ ಸೆಂಟರ್‌ಗಳಿವೆ. ಉಳಿದ ಐದೂ ಸೇರಿ ಇಷ್ಟು ಅರ್ಜಿ ತುಂಬಿದ್ದರೆ ನಾನು ಮೀಸೆ ಬೋಳಿಸಿಕೊಳ್ಳುತ್ತೇನೆ.

ಪೇಪರ್ ಸಪ್ಲೈ ಮಾಡುವವನು ಈ ಡೈರಿ ಕೊಟ್ಟು ಒಂದು ತಿಂಗಳಾಯಿತು. ದಿನವಿಡೀ ಊರವರ ಹೆಸರು, ವಿಳಾಸ, ಹೆಬ್ಬೆಟ್ಟು ತುಂಬುವವನು ನಾನು. ನನ್ನ ವಿವರ ತುಂಬುವವರು ಯಾರೂ ಇಲ್ಲ. ನಾನೇ ತುಂಬಿಕೊಳ್ಳುತ್ತೇನೆ: ಹೆಸರು ಪ್ರಭುರಾಜ. ಊರು ಯಲಬುರ್ಗಾ ಕಡೆಯ ಮಂಗಳೂರು. ಜನ್ಮ ದಿನಾಂಕ ಜೂನ್ 1, 1977. ನಮ್ಮ ಕ್ಲಾಸಿನ ಮೂವತ್ತೆಂಟು ಹುಡುಗರಲ್ಲಿ ಮೂವತ್ತೊಂದು ಜನ ಜೂನ್ ಒಂದಕ್ಕೇ ಹುಟ್ಟಿದವರು, ಹೆಡ್‌ಮಾಸ್ತರರ ಕೃಪೆ. ಕಸುಬು ಆಧಾರ್ ಆಪರೇಟರ್, ಮೇಲೆ ಎಲ್ಲ ಬಗೆಯ ಆನ್‌ಲೈನ್ ಅರ್ಜಿ.

ಗೋಡೆಯ ಮೇಲೆ ಎರಡು ವಸ್ತುಗಳಿವೆ. ಒಂದು, ಗಾಜು ಹಾಕಿಸಿದ ಸರ್ಟಿಫಿಕೇಟ್: ಐದು ವರ್ಷ, ಇಪ್ಪತ್ತೊಂದು ಸಾವಿರ ಜನ, ಒಂದೂ ದೋಷವಿಲ್ಲ. ಬರುವ ಆಗಸ್ಟ್ ಹದಿನೈದಕ್ಕೆ ಜಿಲ್ಲಾ ಬಹುಮಾನಕ್ಕೆ ನನ್ನ ಹೆಸರು ಹೋಗಿದೆ. ಇನ್ನೊಂದು, ನಾನೇ ಬರೆಸಿದ ಹಲಗೆ: ‘ಕಥೆ ಬೇಡ, ನಂಬರ್ ಹೇಳಿ.’ ನಮ್ಮ ಜನಕ್ಕೆ ಫೋನ್ ನಂಬರ್ ಕೇಳಿದರೆ ಆ ಸಿಮ್ ಕೊಡಿಸಿದ ಅಳಿಯನ ಲಗ್ನದಿಂದ ಶುರು ಮಾಡುತ್ತಾರೆ. ಆ ಹಲಗೆ ಇರದಿದ್ದರೆ ತೊಂಬತ್ತನಾಲ್ಕು ಎಲ್ಲಿಂದ ಬರಬೇಕು?

ಫೆಬ್ರವರಿ 14, ಮಂಗಳವಾರ

ಎಂಬತ್ತೆಂಟು. ಆರು ಕಡಿಮೆಯಾದದ್ದು ಒಬ್ಬ ಮುದುಕಿಯಿಂದ.

ಹೆಸರು ಮುದುಕಮ್ಮ. ಜೊತೆಗೆ ಡಿಗ್ರಿ ಓದುವ ಮೊಮ್ಮಗಳು ರಂಜಿತಾ. ಅಜ್ಜಿ ಹುಟ್ಟಿದ್ದು ಬನ್ನಿಗಡ್ಡಿಯಲ್ಲಿ. ತುಂಗಭದ್ರಾ ಡ್ಯಾಮಿನ ನೀರಿನಲ್ಲಿ ಮುಳುಗಿಹೋದ ಊರು. ಹಾಗೆ ಮುಳುಗಿದ ಊರುಗಳಲ್ಲಿ ಹುಟ್ಟಿ ಇನ್ನೂ ಬದುಕಿರುವವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಹಿನ್ನೀರಿನ ದಂಡೆಗೆ ನಿಲ್ಲಿಸುತ್ತೇವೆಂದು ಒಂದು ನೆನಪಿನ ಸಮಿತಿ ಹೊರಟಿದೆಯಂತೆ. ಅರ್ಜಿ ಆನ್‌ಲೈನ್. ಏಪ್ರಿಲ್ ಕೊನೆಗೆ ಬಂದ್.

ನಂಬರ್ ಒತ್ತಿದೆ. ಕೆಂಪು ಅಕ್ಷರದಲ್ಲಿ ಬಂತು: ‘ಅರ್ಹರಲ್ಲ.’

ಕಾರಣ ಕಣ್ಣೆದುರಿಗೇ ಇತ್ತು. ನೀರು ಬಂದದ್ದು 1953ರಲ್ಲಿ. ಅಜ್ಜಿಯ ಆಧಾರಿನಲ್ಲಿ ಜನ್ಮ ದಿನಾಂಕ 01-01-1967.

“ಅಂದ್ರ ಅಜ್ಜಿ, ಊರು ಮುಳುಗಿ ಹದಿನಾಕು ವರ್ಷ ಆದಮ್ಯಾಲೆ ನೀ ಅಲ್ಲಿ ಹುಟ್ಟೀದಿ” ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ರಂಜಿತಾ ಮೆಲ್ಲಗೆ ಹೇಳಿದಳು: “ಅಷ್ಟ ಅಲ್ರಿ ಅಣ್ಣಾರ. ನಮ್ಮಪ್ಪ ದೇವೇಂದ್ರಪ್ಪಂದು ಸಾಲ್ಯಾಗ ಅರವತ್ತಾರು ಬರಸ್ಯಾರ. ಅಜ್ಜಿಗಿಂತ ನಮ್ಮಪ್ಪನ ಒಂದು ವರ್ಷ ದೊಡ್ಡಾವ ಆಗ್ಯಾನ.”

ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಕಂಪ್ಯೂಟರ್ ಇದು. ನಾನೂ ನಗುತ್ತಿದ್ದೆ. ಅಜ್ಜಿ ನಗಲಿಲ್ಲ.

“ನಗಬ್ಯಾಡ್ರೋ ಯಪ್ಪಾ. ಅರವತ್ತು ವರ್ಷ ಆತು, ನಮ್ಮೂರ ಕಥಿ ಹೇಳ್ಕೋಂತ ಬಂದೀನಿ. ಮಕ್ಕಳಿಗೆ ಹೇಳೀನಿ, ಮೊಮ್ಮಕ್ಕಳಿಗೆ ಹೇಳೀನಿ. ಈ ಕಾರ್ಡ್ ಸುದ್ದಿ ಓಣ್ಯಾಗ ಹಬ್ಬಿ ಈಗ ಹುಡುಗೂರು ನನಗ ‘ಸುಳ್ಳಜ್ಜಿ’ ಅಂತಾವ. ಕಲ್ಲಾಗ ಹೆಸರು ಬರಲಿಲ್ಲಂದ್ರ ಸುಳ್ಳಜ್ಜಿ ಆಗೇ ಸಾಯಬೇಕು ನಾನು.”

ತಿದ್ದಿಸಬಹುದು ನೋಡೋಣ, ಕಾಗದ ಬಿಟ್ಟು ಹೋಗು ಎಂದು ಸಾಗಹಾಕಿದೆ. ಸರದಿ ಬಾಗಿಲು ದಾಟಿತ್ತು. ಯಾವ ದಡ್ಡ ಆಪರೇಟರ್ ಹೀಗೆ ಮಾಡಿದನೋ! ಇಂಥವರಿಂದಲೇ ನಮ್ಮ ಕಸುಬಿಗೆ ಕೆಟ್ಟ ಹೆಸರು.

ಫೆಬ್ರವರಿ 15, ಬುಧವಾರ

ಅಜ್ಜಿ ಬಿಟ್ಟುಹೋದ ಹಳೆಯ ರಸೀದಿ ನೋಡಿದೆ. ಹೊಸ ಬನ್ನಿಗಡ್ಡಿ ಸಾಲಿಯ ಆಧಾರ್ ಕ್ಯಾಂಪ್, 2012. ಆಪರೇಟರ್: ಪ್ರಭುರಾಜ.

ಎಷ್ಟು ಜನ ಬಂದರೋ ಇವತ್ತು, ಎಣಿಸಲಿಲ್ಲ.

ಫೆಬ್ರವರಿ 19, ಭಾನುವಾರ

ತಪ್ಪು ನನ್ನದಲ್ಲ. ಮುದುಕಿಯೇ ನಲವತ್ತೈದು ಎಂದಿರಬೇಕು. ಹೆಂಗಸರು ವಯಸ್ಸು ಮುಚ್ಚಿಡುವುದು ಜಗತ್ತಿಗೇ ಗೊತ್ತು. ಕ್ಯಾಂಪಿನಲ್ಲಿ ಕರೆಂಟ್ ಹೋಗಿ ಬಂದಿರಬಹುದು. ಬೇರೆ ಯಾರೋ ನನ್ನ ಲಾಗಿನ್‌ನಲ್ಲಿ ಕೂತಿರಬಹುದು.

ಊಟಕ್ಕೆ ಕೂತಾಗ ಮಲ್ಲೇಶ್ವರಿಗೆ ಇಷ್ಟನ್ನೂ ಹೇಳಿದೆ. ರೊಟ್ಟಿ ಬಡಿಯುತ್ತಲೇ ಅವಳು, “ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡನಂತ. ಯಾರರ ನಿಮ್ಮನ್ನ ಕೇಳ್ಯಾರೇನ್ರಿ?” ಅಂದಳು. ಹೆಂಡತಿಗೆ ಇಷ್ಟು ಗಾದೆ ಗೊತ್ತಿರಬಾರದು.

ನಿಜ ಬರೆಯುತ್ತೇನೆ, ಯಾರು ಓದುತ್ತಾರೆ ಇಲ್ಲಿ. ರಸೀದಿ ಎರಡಿದ್ದವು, ಅಜ್ಜಿಯದು ಮತ್ತು ಮಗನದು. ಅವಳದು 11:42ಕ್ಕೆ, ಅವನದು 11:45ಕ್ಕೆ. ಮೂರು ನಿಮಿಷದಲ್ಲಿ ಹತ್ತು ಬೆರಳು, ಎರಡು ಕಣ್ಣು, ಒಂದು ಮುಖ. ಆ ಸಾಲಿಯ ವರಾಂಡ ನೆನಪಿದೆ. ವಯಸ್ಸೆಷ್ಟು ಎಂದರೆ ‘ನೀರು ಬಂದ ವರ್ಷ’ ಎಂದು ಒಬ್ಬಾಕೆ ಶುರು ಮಾಡಿದ್ದಳು. ನಾನು ಮುಖ ನೋಡಿ ಅಂದಾಜಿನ ಮೇಲೆ ನಲವತ್ತೈದು ಹೊಡೆದೆ. ಆಗ ಅವಳ ತಲೆಗೂದಲು ಇನ್ನೂ ಕಪ್ಪಗಿತ್ತು. ಅವತ್ತು ನೂರಾ ಹನ್ನೆರಡು ಜನರನ್ನು ಮುಗಿಸಿದ್ದೆ. ದಾಖಲೆ ಅದು, ಇನ್ನೂ ಯಾರೂ ಮುರಿದಿಲ್ಲ.

ಮಾರ್ಚ್ 2, ಗುರುವಾರ

ಎಪ್ಪತ್ತೊಂದು. ಅಜ್ಜಿ ಮತ್ತೆ ಬಂದಳು. ರಂಜಿತಾ ಹಲಗೆಯನ್ನು ಓದಿ ಅವಳ ಕಿವಿಯಲ್ಲಿ ಹೇಳಿದಳು. ಅಜ್ಜಿ ನನ್ನ ಕಡೆ ತಿರುಗಿದಳು.

“ಅದಕ್ಕ ಈ ದನಿ ಎಲ್ಲೋ ಕೇಳೀನಿ ಅಂದ್ಕೊಂಡೆ. ಸಾಲಿ ಕಟ್ಟಿಮ್ಯಾಗ ‘ಕಥಿ ಬ್ಯಾಡ ಅಜ್ಜಿ, ನಂಬರ ಹೇಳು’ ಅಂದಾಂವ ನೀನ ಹೌದಲ್ಲೋ ತಮ್ಮಾ?”

ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

“ನನ್ನ ಹೆಬ್ಬೆಟ್ಟು ತಗೊಂಡಿ, ಕಣ್ಣು ತಗೊಂಡಿ, ಮಾರಿ ತಗೊಂಡಿ. ಮಾತೊಂದ ಬ್ಯಾಡಾತೇನೋ ನಿನಗ?”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಕೇಳಿದಳಷ್ಟೇ.

ವಯಸ್ಸಿಗೆ ದಾಖಲೆ ಬೇಕು, ಸಾಲಿಗೆ ಹೋಗಿಲ್ಲ, ಏನಾದರೂ ಗುರುತು ಹೇಳು, ಹಳೆಯ ಕಾಗದಗಳಲ್ಲಿ ಹುಡುಕಿಸುತ್ತೇನೆ ಎಂದೆ. ಕೆಲಸದ ದೃಷ್ಟಿಯಿಂದ ಹೇಳಿದ್ದು, ಬೇರೇನಲ್ಲ. ಅಜ್ಜಿ ಬೆಂಚಿನ ಮೇಲೆ ಕಾಲು ಮೇಲೆತ್ತಿ ಕೂತಳು. ಒಂದು ಕರಾರು ಹಾಕಿದಳು: “ನಡುನಡುವ ‘ಹೂಂ’ ಅನ್ನಬೇಕು. ಹೂಂ ಅನ್ನೋರಿಲ್ಲಂದ್ರ ಕಥಿ ಮೊಂಡ ಎತ್ತಿನಂಗ ನಿಂತುಬಿಡತೈತಿ.”

ಹೂಂ ಅಂದೆ. ಟೈಪ್ ಮಾಡುತ್ತಲೇ ಅಂದೆ. ಎರಡು ಸಲ ಮರೆತೆ, ಎರಡು ಸಲವೂ ಅಜ್ಜಿ ನಿಲ್ಲಿಸಿ ಕಾದಳು.

ಮಾರ್ಚ್ 9, ಗುರುವಾರ

ಐವತ್ತಮೂರು. ಆದರೆ ಎಂಥ ಐವತ್ತಮೂರು! ಅಜ್ಜಿ ಈಗ ಗುರುವಾರದ ಸಂತೆಗೆ ಬಂದವಳು ಹಾಗೇ ಇಲ್ಲಿಗೆ ಬರುತ್ತಾಳೆ. ಸರದಿಯಲ್ಲಿ ನಿಂತವರೂ ಹೂಂ ಅನ್ನತೊಡಗಿದ್ದಾರೆ. ಗಂಗಾವತಿಯಿಂದ ಪಹಣಿ ತಿದ್ದಿಸಲು ಬಂದ ಭತ್ತದ ವ್ಯಾಪಾರಿಯೊಬ್ಬ ಕೆಲಸ ಮುಗಿದರೂ ಏಳಲಿಲ್ಲ.

ಬನ್ನಿಗಡ್ಡಿಯಲ್ಲಿ ಅಜ್ಜಿಯ ಮನೆ ಹಣಮಪ್ಪನ ಗುಡಿಯ ಎಡಕ್ಕೆ. ಅಪ್ಪನ ಹೆಸರು ವೆಂಕೋಬ. ಹಿತ್ತಲಲ್ಲಿ ಎರಡು ಬೇವು. ಒಂದು ಹುಣಸೆ, ಅದು ಸರಿಯಾಗಿ ಗಡಿಯ ಮೇಲೆ, ಪಕ್ಕದ ಮನೆಯವರಿಗೂ ಸೇರಿದ್ದು. ನೀರು ಬರುವುದಕ್ಕೆ ಮೊದಲು ಸರ್ಕಾರದವರು ಪರಿಹಾರಕ್ಕೆಂದು ಗಿಡಮರ ಎಣಿಸಲು ಬಂದಾಗ ಎರಡು ಮನೆಯವರಿಗೂ ಜಗಳ ಹತ್ತಿತು. ಅಪ್ಪನೇ ಕೊನೆಗೆ, “ಸಾಹೇಬ್ರ, ಅರ್ಧಾ ಗಿಡ ನನ್ನ ಹೆಸರಿಗೆ ಬರೀರಿ, ಅರ್ಧಾ ಅವರ ಹೆಸರಿಗೆ” ಎಂದನಂತೆ. ಬರೆಯುವವನು ನಕ್ಕು ಹಾಗೇ ಬರೆದನಂತೆ. ಅಪ್ಪನ ತೆಕ್ಕೆಯಲ್ಲಿದ್ದ ಮುದುಕಮ್ಮನಿಗೆ ಬೆಲ್ಲದ ಚೂರು ಕೊಟ್ಟನಂತೆ. ಇದು ಅಪ್ಪ ಹೇಳಿದ್ದು. ತಾನೇ ಕಂಡದ್ದೆಂದರೆ, ಏಳು ವರ್ಷದವಳಿದ್ದಾಗ ಬಂಡಿ ಹೊರಟದ್ದು, ನೀರು ಹಣಮಪ್ಪನ ಮೊಣಕಾಲಿಗೆ ಬಂದದ್ದು.

“ಅರ್ಧಾ ಹುಣಸಿಗಿಡ ಅಂದ್ರ ಓಣಿ ಹುಡುಗೂರು ಬಿದ್ದು ಬಿದ್ದು ನಗ್ತಾವ” ಅಂದಳು. ನಾವೂ ನಕ್ಕೆವು.

ರಂಜಿತಾ ಇದನ್ನೆಲ್ಲ ಮೊಬೈಲಿನಲ್ಲಿ ತೆಗೆದು ಹಾಕಿದ್ದಾಳಂತೆ. “ಅಜ್ಜೀ, ಐನೂರು ಮಂದಿ ನೋಡ್ಯಾರ ನಿನ್ನ!” ಎಂದು ಕುಣಿದಳು.

“ಹೂಂ ಅಂದಾವ್ರು ಎಷ್ಟು ಮಂದಿ?” ಎಂದು ಅಜ್ಜಿ ಕೇಳಿದಳು.

ರಂಜಿತಾ ಮೊಬೈಲ್ ನೋಡತೊಡಗಿದಳು. ಅಜ್ಜಿ ಬಿಡಲಿಲ್ಲ: “ನನ್ನ ಕೇಳದನ ನನ್ನ ಮಾರಿ ಐನೂರು ಮನಿಗೆ ಕಳಿಸೀದಿ, ಪುಣ್ಯಾತಗಿತ್ತಿ. ನಾಳೆ ಅವರೆಲ್ಲಾ ಚಾ ಕುಡಿಯಾಕ ಬಂದ್ರ ನಿಮ್ಮಪ್ಪ ಹಾಲು ತರ್ತಾನೇನು?” ಮೊಮ್ಮಗಳ ಮೇಲಿನ ಆ ಬೈಗುಳದಲ್ಲಿ ನನ್ನ ಪಾಲೂ ಇತ್ತು. ನನ್ನ ಕಂಪ್ಯೂಟರಿನಿಂದ ಎಷ್ಟು ಮುಖಗಳು ಎಲ್ಲೆಲ್ಲಿಗೆ ಹೋಗಿವೆಯೋ, ನಾನು ಯಾರನ್ನು ಕೇಳಿ ಕಳಿಸಿದ್ದೆ?

ಮಾರ್ಚ್ 24, ಶುಕ್ರವಾರ

ಅಂಗಡಿಗೆ ಅರ್ಧ ದಿನ ಬೀಗ. ತಹಶೀಲ್ದಾರ್ ಕಚೇರಿಯಲ್ಲಿ ಹಳೆಯ ದಾಖಲೆ ಇಡುವ ಕೋಣೆಗೆ ಹೋಗಿದ್ದೆ. ಅಲ್ಲಿಯ ವಿರುಪಣ್ಣ ನನಗೆ ಪರಿಚಯ, ಅವನ ಮೂವರು ಮಕ್ಕಳ ಅರ್ಜಿಗಳನ್ನೂ ತುಂಬಿದವನು ನಾನೇ. ಎರಡು ತಾಸು ಧೂಳು ಕುಡಿದು ಬನ್ನಿಗಡ್ಡಿಯ ಕಟ್ಟು ತೆಗೆದ. ಕೆಂಪು ಬಟ್ಟೆ ಬಿಚ್ಚಿದರೆ ಒಂದಕ್ಷರ ತಿಳಿಯದು. ಎಲ್ಲ ಉರ್ದು! ನಿಜಾಮನ ಕಾಲ ಹೋದರೂ ಬರವಣಿಗೆ ಹೋಗಿರಲಿಲ್ಲವಂತೆ.

“ನನಗೂ ಬರಂಗಿಲ್ಲ ಮಾರಾಯಾ. ಇಲಿಗೆ ಮಾತ್ರ ಬರತೈತಿ, ಅರ್ಧ ಓದಿ ಮುಗಿಸ್ಯಾವ” ಎಂದ ವಿರುಪಣ್ಣ.

ಮಾರ್ಚ್ 27, ಸೋಮವಾರ

ಸಿಕ್ಕಿತು! ಸಿಕ್ಕಿತು!

ಉರ್ದು ಸಾಲಿಯಲ್ಲಿ ಕಲಿಸಿ ನಿವೃತ್ತರಾದ ಇಮಾಮಬೀ ಟೀಚರನ್ನು ಬೈಕ್ ಮೇಲೆ ಕರೆದುಕೊಂಡು ಹೋದೆ. ಎಪ್ಪತ್ತೈದರ ಹೆಂಗಸು, ನನ್ನ ಬೈಕಿನ ವೇಗಕ್ಕೆ ದಾರಿಯುದ್ದಕ್ಕೂ ಬೈದರು. ಕನ್ನಡಕ ಏರಿಸಿ ಓದತೊಡಗಿದರು. ಫಸಲಿ 1359, ಅಂದರೆ ನಮ್ಮ ಲೆಕ್ಕದಲ್ಲಿ 1949. ಮನೆ, ಮನೆಯವರು, ಗಿಡಮರ.

ವೆಂಕೋಬ ಸಿಕ್ಕ. ಇನ್ನೊಬ್ಬ ವೆಂಕೋಬ ಸಿಕ್ಕ. ಆಮೇಲೆ ಮೂರನೆಯವನೂ ಸಿಕ್ಕ. ಮೂವರಿಗೂ ಸಣ್ಣ ಹೆಣ್ಣುಮಕ್ಕಳು, ಅದರಲ್ಲಿ ಇಬ್ಬರು ಮುದುಕಮ್ಮ. ಒಬ್ಬಳಿಗೆ ಹನ್ನೊಂದು, ಇನ್ನೊಬ್ಬಳಿಗೆ ಮೂರು.

“ನಿಮ್ಮಾಕಿ ಯಾವಾಕಿ ಬೇಟಾ?” ಎಂದು ಟೀಚರ್ ಕೇಳಿದರು.

ನಂಬರ್ ಇರಲಿಲ್ಲ ನನ್ನ ಬಳಿ. “ಗಿಡ ಓದ್ರಿ ಟೀಚರ್, ಗಿಡ” ಎಂದೆ.

ಹನ್ನೊಂದರವಳ ಮನೆಗೆ ಬಾರಿಹಣ್ಣಿನ ಗಿಡ ಒಂದೇ. ಮೂರರವಳ ಮನೆಗೆ, “ದರಖ್ತ್ ನೀಮ್, ದೋ. ಬೇವಿನ ಗಿಡ ಎರಡು. ದರಖ್ತ್ ಇಮ್ಲಿ, ಹುಣಸಿ...” ಎಂದು ಓದಿ ಟೀಚರ್ ನಿಂತರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ನಿಸ್ಫ್ ಅಂತ ಬರದಾರಲ್ಲ! ನಿಸ್ಫ್ ಅಂದ್ರ ಅರ್ಧಾ. ಅರ್ಧಾ ಹುಣಸಿಗಿಡ ಯಾರರ ಬರೀತಾರೇನು, ಹುಚ್ಚರು?”

ನಾನು ಆ ಕೋಣೆಯಲ್ಲೇ ಕುಣಿದೆ. ವಿರುಪಣ್ಣ ಧೂಳು ಏಳುತ್ತದೆಂದು ಬೈದ. 1949ಕ್ಕೆ ಮೂರು ವರ್ಷ, ಅಂದರೆ ಹುಟ್ಟಿದ್ದು 1946, ನೀರು ಬಂದಾಗ ಏಳು. ಮುದುಕಿ ಒಂದಕ್ಷರವೂ ಸುಳ್ಳು ಹೇಳಿಲ್ಲ. ಜಿಲ್ಲೆಯಲ್ಲಿ ಬೇರೆ ಯಾವ ಆಪರೇಟರ್ ಇದನ್ನು ಹುಡುಕುತ್ತಿದ್ದ, ಹೇಳಲಿ ನೋಡೋಣ!

ಏಪ್ರಿಲ್ 11, ಮಂಗಳವಾರ

ತಿದ್ದುಪಡಿ ಅರ್ಜಿ ವಾಪಸ್ ಬಂದಿದೆ. ದೃಢೀಕರಿಸಿದ ನಕಲು, ಟೀಚರರ ಅನುವಾದ, ಎಲ್ಲ ಸರಿ ಇದೆಯಂತೆ. ಆದರೆ ವಯಸ್ಸಿನಲ್ಲಿ ಇಪ್ಪತ್ತೊಂದು ವರ್ಷದ ವ್ಯತ್ಯಾಸ. ಮೊದಲು ನಮೂದಿಸಿದ ಆಪರೇಟರ್ ತಪ್ಪು ಹೇಗಾಯಿತೆಂದು ಸಹಿ ಮಾಡಿ ಬರೆದುಕೊಟ್ಟರೆ ಮಾತ್ರ ಮುಂದೆ ಹೋಗುತ್ತದೆ.

ಗುರುತಿನವರೊಬ್ಬರು ಫೋನಿನಲ್ಲಿ ದಾರಿ ಹೇಳಿಕೊಟ್ಟರು: “ಅಜ್ಜಿನ ತಪ್ಪು ವಯಸ್ಸು ಹೇಳಿದ್ಳು ಅಂತ ಬರದ್ರ ಆತು. ನಿನ್ನ ಬಹುಮಾನಕ್ಕೂ ಧಕ್ಕಿ ಇಲ್ಲ.”

ಒಂದೇ ಸಾಲು. ಅಜ್ಜಿಗೆ ಓದಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತು ಎಂದರೆ ಒತ್ತುತ್ತಾಳೆ. ಹೆಸರು ಕಲ್ಲಿನಲ್ಲಿ ಬರುತ್ತದೆ, ನನ್ನ ಸರ್ಟಿಫಿಕೇಟ್ ಗೋಡೆಯಲ್ಲಿ ಉಳಿಯುತ್ತದೆ. ಯಾರಿಗೆ ನಷ್ಟ?

ಅದನ್ನೇ ಟೈಪ್ ಮಾಡಿದೆ. ಓದಿ ನೋಡಿದೆ. ‘ಅರ್ಜಿದಾರರು ಸುಳ್ಳು ವಯಸ್ಸು ಹೇಳಿದ್ದರಿಂದ.’ ಓಣಿಯ ಹುಡುಗರು ಬಾಯಲ್ಲಿ ಅಂದದ್ದನ್ನು ನಾನು ಕಾಗದದಲ್ಲಿ ಅಂದಹಾಗಾಯಿತು. ಪ್ರಿಂಟ್ ಕೊಡಲಿಲ್ಲ. ಐದು ವರ್ಷ, ಇಪ್ಪತ್ತೊಂದು ಸಾವಿರ ಜನ! ಒಂದು ಮುದುಕಿಗಾಗಿ!

ಏಪ್ರಿಲ್ 12, ಬುಧವಾರ

ಕೈಯಿಂದಲೇ ಬರೆದೆ: ‘ಅರ್ಜಿದಾರರು ತಮ್ಮ ವಯಸ್ಸನ್ನು ಸರಿಯಾಗಿ ಹೇಳಿದ್ದರು. ನಾನು ಕೇಳಿಸಿಕೊಳ್ಳಲಿಲ್ಲ.’ ಸಹಿ ಹಾಕಿ ಕಳಿಸಿದೆ.

ಏಪ್ರಿಲ್ 30, ಭಾನುವಾರ

ತಿದ್ದುಪಡಿ ಬಂದದ್ದು ಇಪ್ಪತ್ತೇಳಕ್ಕೆ, ಅರ್ಜಿ ಬಂದ್ ಆಗಲು ಮೂರು ದಿನ ಇರುವಾಗ. ಅವತ್ತೇ ನಂಬರ್ ಒತ್ತಿದೆ, ಈ ಸಲ ಹಸಿರು ಬಂತು: ‘ಅರ್ಹರು.’ ನನಗೂ ಒಂದು ಪತ್ರ ಬಂದಿದೆ: ಆಧಾರ್ ಕೆಲಸ ಮೂರು ತಿಂಗಳು ಬಂದ್, ಬಹುಮಾನದ ಪಟ್ಟಿಯಿಂದ ಹೆಸರು ಔಟ್. ಇರಲಿ. ಪರೀಕ್ಷೆ ಅರ್ಜಿ, ರೇಷನ್ ಕಾರ್ಡ್, ಪಹಣಿ ಇವೆಯಲ್ಲ.

ಬೆಂಚಿನ ಹಲಗೆ ಸೀಳಿ ಅಜ್ಜಿಯ ಸೀರೆಗೆ ಸಿಕ್ಕುತ್ತಿತ್ತು. ಗೋಡೆಯ ಮೇಲಿನ ಹಲಗೆ ತೆಗೆದು, ಅಕ್ಷರದ ಮಗ್ಗಲು ಕೆಳಗೆ ಮಾಡಿ ಬೆಂಚಿಗೆ ಮೊಳೆ ಹೊಡೆದೆ. ಅಳತೆ ಸರಿಯಾಗಿ ಕೂತಿತು.

ಊರಿಗೆ, ಅವ್ವನಿಗೆ ಫೋನ್ ಮಾಡಿದ್ದೆ. ನಾನು ಹುಟ್ಟಿದ್ದು ಯಾವಾಗ ಎಂದು ಕೇಳಿದೆ. ನಲವತ್ತು ವರ್ಷದಲ್ಲಿ ಕೇಳಿದ್ದು ಇದೇ ಮೊದಲಂತೆ. ಅವ್ವ ಯಂಕವ್ವ ಶುರು ಮಾಡಿದಳು: “ನಮ್ಮ ಹೊಲದಾಗ ಬಾವಿ ತೋಡಸ್ತಿದ್ವಿ. ಸಜ್ಜಿ ಕೊಯ್ಲು. ನಿಮ್ಮಪ್ಪ ಬಾವ್ಯಾಗ ಇಳದಿದ್ದ...” ಅರ್ಧ ತಾಸು ಹೇಳಿದಳು. ತಾರೀಖು ಸಿಗಲಿಲ್ಲ. ನಾನು ಹುಟ್ಟಿದ ಸುದ್ದಿ ಕೇಳಿ ಅಪ್ಪ ಹಗ್ಗ ಹಿಡಿದು ಮೇಲೆ ಬರುವಷ್ಟರಲ್ಲಿ ಬಾವಿಗೆ ನೀರು ಬಿದ್ದಿತ್ತು ಎಂಬುದು ಸಿಕ್ಕಿತು. ಹೊಟ್ಟೆತುಂಬ ಹೆಮ್ಮೆಯಾಯಿತು. ಜೂನ್ ಒಂದರವರಿಗೆ ಇಂಥದ್ದು ಎಲ್ಲಿದೆ?

“ಅದೇನು ಹೂಂ ಹೂಂ ಅನಕೋಂತ ಕೂತೀದಿ?” ಎಂದಳು ಅವ್ವ ಕೊನೆಗೆ.

ಜೂನ್ 1, ಗುರುವಾರ

ಇವತ್ತು ಕಾಗದದ ಮೇಲೆ ನನ್ನ ಹುಟ್ಟುಹಬ್ಬ. ಮಲ್ಲೇಶ್ವರಿ ಹೋಳಿಗೆ ಮಾಡಿದ್ದಳು, ತಿಂದು ಹಿನ್ನೀರಿನ ದಂಡೆಗೆ ಹೊರಟೆವು.

ಈ ಬೇಸಿಗೆ ನೀರು ಬಹಳ ಕೆಳಗಿಳಿದಿದೆ. ದೂರದ ಕೆಸರಿನಲ್ಲಿ ಹಣಮಪ್ಪನ ಗುಡಿಯ ನಾಲ್ಕು ಕಂಬ ನಿಂತಿದ್ದವು. ಕಲ್ಲು ದೊಡ್ಡದು, ಕರಿ ಕಲ್ಲು, ಇನ್ನೂರ ಹದಿನೇಳು ಹೆಸರು. ರಂಜಿತಾ ಅಜ್ಜಿಯ ಬೆರಳು ಹಿಡಿದು ಬನ್ನಿಗಡ್ಡಿಯವರ ಹೆಸರುಗಳತ್ತ ಒಯ್ದಳು: ‘ಮುದುಕಮ್ಮ, ತಂದೆ ವೆಂಕೋಬ, ಜನನ 1946.’ ಅಜ್ಜಿ ಅಕ್ಷರದ ತಗ್ಗಿನಲ್ಲಿ ಬೆರಳಾಡಿಸಿದಳು. ಪಕ್ಕದಲ್ಲಿ ಮಗ ದೇವೇಂದ್ರಪ್ಪ. “ಈಗರ ನಾ ನಿನಗಿಂತ ದೊಡ್ಡಾಕಿ ಆದೆ ನೋಡು” ಎಂದು ಅವನ ತಲೆಗೆ ಮೊಟಕಿದಳು. ಐವತ್ತು ದಾಟಿದ ಗಂಡಸು ಎಲ್ಲರೆದುರು ಮೊಟಕಿಸಿಕೊಂಡು ನಕ್ಕ. ಓಣಿಯ ಹುಡುಗರು ಟ್ರ್ಯಾಕ್ಟರಿನಲ್ಲಿ ಬಂದಿದ್ದರು, ಒಬ್ಬನಾದರೂ ‘ಸುಳ್ಳಜ್ಜಿ’ ಎನ್ನಲಿಲ್ಲ.

ಸಮಿತಿಯವರು, ಈ ಹೆಸರು ಹುಡುಕಿದ ಪ್ರಭುರಾಜ ಅವರು ಎರಡು ಮಾತಾಡಬೇಕು ಎಂದು ಮೈಕ್ ಕೊಟ್ಟರು. ಚಪ್ಪಾಳೆ ಬಿತ್ತು. ಮಲ್ಲೇಶ್ವರಿ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಉರ್ದು ಕಟ್ಟು, ಇಮಾಮಬೀ ಟೀಚರ್, ಅರ್ಧ ಹುಣಸೆಗಿಡ, ಎಲ್ಲವನ್ನೂ ಜೋರಾಗಿ ಹೇಳಬೇಕೆಂದು ಬೆಳಗಿನಿಂದ ಮನಸ್ಸಿನಲ್ಲೇ ತಯಾರಿ ಮಾಡಿಕೊಂಡಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು.

“ಐದು ವರ್ಷದ ಹಿಂದ ಈ ಅಜ್ಜಿ ನನ್ನ ಮುಂದ ಬಂದು ಕುಂತಿದ್ಳು. ವಯಸ್ಸು ಕೇಳಿದೆ. ನೀರು ಬಂದ ವರ್ಷ ಅಂತ ಹೇಳಾಕ ಹತ್ತಿದ್ಳು. ನಾನು, ಕಥಿ ಬ್ಯಾಡ ಅಜ್ಜಿ, ನಂಬರ ಹೇಳು ಅಂದೆ. ಈ ತಪ್ಪು ಹುಡುಕಿದಾಂವ ನಾನ, ಖರೆ. ಮಾಡಿದಾಂವನೂ ನಾನ.”

ಐನೂರು ಜನ ಇದ್ದರು. ಯಾರೂ ಉಸಿರೆತ್ತಲಿಲ್ಲ. ನನ್ನ ಕಥೆ ಮೊಂಡ ಎತ್ತಿನಂತೆ ನಿಂತುಬಿಟ್ಟಿತು. ಮೈಕನ್ನು ವಾಪಸ್ ಕೊಡಲು ಕೈ ಚಾಚಿದೆ.

ಆಗ ಮುಂದಿನ ಸಾಲಿನಿಂದ, ಕಾಲು ಮೇಲೆತ್ತಿ ಕೂತಿದ್ದ ಅಜ್ಜಿ ಗಟ್ಟಿಯಾಗಿ ಅಂದಳು:

“ಹೂಂ.”

ನಾನು ಮೈಕ್ ಕೊಡಲಿಲ್ಲ.